ಮುಖ ನೋಡಿ ನಾಡಿ ಹೇಳುವ ಕ್ಯಾಮೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಪ್‌ಟಾಪ್ ಕ್ಯಾಮೆರಾದ ಎದುರು ಒಬ್ಬರನ್ನು ಕೂರಿಸಿ, ಅವರ ನಾಡಿಬಡಿತವನ್ನು ಪರದೆಯ ಮೇಲೆ ತೋರಿಸುವ ಡೆಮೊವನ್ನು ನಾನು ಬೆಂಗಳೂರಿನ ಕಾಲೇಜುಗಳಲ್ಲಿ ಆಗಾಗ ಮಾಡುತ್ತೇನೆ. ಮುಗಿದ ಕೂಡಲೇ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳುವವರು ಎರಡು ಥರ. ಕೆಲವರು ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು, ಇನ್ನು ಕೆಲವರು ಅಪ್ಪ-ಅಮ್ಮನ ಬಿಪಿ ನೋಡಲು ಫೋನಿಗೆ ಯಾವುದೋ ಆ್ಯಪ್ ಹಾಕಿಕೊಂಡವರು. ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮುಟ್ಟದೇ, ಬರೀ ವಿಡಿಯೊ ನೋಡಿ ರಕ್ತದ ಓಡಾಟ ಹೇಗೆ ಗೊತ್ತಾಗುತ್ತದೆ?

ಹೃದಯ ಒಂದು ಸಲ ಬಡಿದಾಗ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳಿಗೆ ಒಂದಿಷ್ಟು ಜಾಸ್ತಿ ರಕ್ತ ನುಗ್ಗುತ್ತದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಬೆಳಕನ್ನು ಹೀರುತ್ತದೆ. ಹಾಗಾಗಿ ಆ ಕ್ಷಣ ಮುಖದಿಂದ ವಾಪಸ್ ಬರುವ ಬೆಳಕು ಒಂದು ಚೂರು ಕಡಿಮೆಯಾಗುತ್ತದೆ. ಮುಂದಿನ ಬಡಿತದವರೆಗೆ ಮತ್ತೆ ಏರುತ್ತದೆ. ಈ ಏರಿಳಿತವನ್ನು ಎಣಿಸಿದರೆ ನಾಡಿ ಸಿಗುತ್ತದೆ.

ಬದಲಾವಣೆ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ. ಮಾಮೂಲಿ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್‌ನ ಬೆಲೆ 0ಯಿಂದ 255ರವರೆಗೆ ಇರುತ್ತದೆ, ಅದರಲ್ಲಿ ಒಂದು ಅಂಕಿಯಷ್ಟೂ ಕದಲದೇ ಇರಬಹುದು. ಒಂದೇ ಪಿಕ್ಸೆಲ್ ನೋಡಿದರೆ ಸಿಗುವುದು ಬರೀ ನಾಯ್ಸ್, ಅಂದರೆ ಅರ್ಥವಿಲ್ಲದ ಗದ್ದಲ. ಕೆನ್ನೆ, ಹಣೆಯ ಸಾವಿರಾರು ಪಿಕ್ಸೆಲ್‌ಗಳ ಸರಾಸರಿ ತೆಗೆದಾಗ ಕಥೆ ಬದಲಾಗುತ್ತದೆ. 10,000 ಪಿಕ್ಸೆಲ್‌ಗಳ ಸರಾಸರಿ ತೆಗೆದರೆ ಅಡ್ಡಾದಿಡ್ಡಿ ನಾಯ್ಸ್ ಸುಮಾರು ನೂರು ಪಟ್ಟು ಇಳಿಯುತ್ತದೆ. ನಾಡಿ ಇಳಿಯುವುದಿಲ್ಲ, ಯಾಕೆಂದರೆ ಎಲ್ಲ ಪಿಕ್ಸೆಲ್‌ಗಳಲ್ಲೂ ಅದು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬರುತ್ತದೆ. ಗುಂಪಿನಲ್ಲಿ ಒಬ್ಬೊಬ್ಬರ ಮಾತು ಕೇಳಿಸದಿದ್ದರೂ, ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರೆ ತಾಳ ತಿಳಿಯುತ್ತದಲ್ಲ, ಹಾಗೆ.

ಈ ವಿಧಾನವನ್ನು ಈ ಕ್ಷೇತ್ರದವರು ಆರ್‌ಪಿಪಿಜಿ (ರಿಮೋಟ್ ಫೋಟೊಪ್ಲೆಥಿಸ್ಮೊಗ್ರಫಿ, ದೂರದಿಂದ ಬೆಳಕಿನಲ್ಲಿ ರಕ್ತದ ಏರಿಳಿತ ಅಳೆಯುವುದು) ಎನ್ನುತ್ತಾರೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮತ್ತು ಸ್ಮಾರ್ಟ್ ವಾಚಿನ ಹಿಂಬದಿಯ ಹಸಿರು ದೀಪ ಇದೇ ಕೆಲಸವನ್ನು ಚರ್ಮಕ್ಕೆ ಅಂಟಿಕೊಂಡು ಮಾಡುತ್ತವೆ.

ರಕ್ತ ಕೆಂಪು ಅಲ್ವಾ? ಹಸಿರು ಬಣ್ಣವನ್ನು ಯಾಕೆ ನೋಡುತ್ತೀರಿ?

ಹಸಿರನ್ನು ಹೀರಿಕೊಂಡು ಕೆಂಪನ್ನು ಬಿಟ್ಟುಕೊಡುವುದರಿಂದಲೇ ರಕ್ತ ಕೆಂಪಗೆ ಕಾಣುತ್ತದೆ. ಆಕ್ಸಿಜನ್ ತುಂಬಿದ ಹಿಮೋಗ್ಲೋಬಿನ್ 542 ಮತ್ತು 577 ನ್ಯಾನೊಮೀಟರ್ ಹತ್ತಿರ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಈ ಎರಡೂ, ಕ್ಯಾಮೆರಾದ ಹಸಿರು ಚಾನೆಲ್‌ಗೆ (ಹಸಿರು ಬೆಳಕನ್ನು ದಾಖಲಿಸುವ ಭಾಗಕ್ಕೆ) ಕಾಣುವ ಬೆಳಕೇ. ನೀಲಿಯನ್ನು ಇನ್ನೂ ಜಾಸ್ತಿ ಹೀರುತ್ತದೆ ನಿಜ, ಆದರೆ ನೀಲಿ ಬೆಳಕು ಚರ್ಮದೊಳಗೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಕೆಂಪು ಆಳಕ್ಕೆ ಇಳಿಯುತ್ತದೆ, ಆದರೆ ರಕ್ತ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಇದರ ಮೇಲೆ ಸಾಮಾನ್ಯ ಸೆನ್ಸರ್‌ನಲ್ಲಿ ಪ್ರತಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರಿನವು. ಎಲ್ಲ ಸೇರಿ ಹಸಿರೇ ಗೆಲ್ಲುತ್ತದೆ.

ಇದನ್ನು ಕಂಡುಹಿಡಿದವರು ಯಾರು?

ಒಬ್ಬರಲ್ಲ. ಚರ್ಮದ ಮೇಲೆ ಬೆಳಕು ಬಿಟ್ಟು ರಕ್ತದ ಏರಿಳಿತ ನೋಡುವುದನ್ನು 1930ರ ದಶಕದಲ್ಲೇ ಅಮೆರಿಕದ ಆಲ್ರಿಕ್ ಹರ್ಟ್ಸ್‌ಮನ್ ಮಾಡಿದ್ದರು. 1974ರಲ್ಲಿ ಜಪಾನಿನ ಟಕುವೊ ಅಯೊಯಾಗಿ ಎರಡು ಬಣ್ಣದ ಬೆಳಕು ಬಳಸಿ ರಕ್ತದ ಆಕ್ಸಿಜನ್ ಅಳೆಯುವ ದಾರಿ ತೋರಿಸಿದರು. ಕೊರೊನಾ ಕಾಲದಲ್ಲಿ ನಾವೆಲ್ಲ ಮೆಡಿಕಲ್ ಶಾಪ್‌ಗಳಲ್ಲಿ ಹುಡುಕಾಡಿದ ಆಕ್ಸಿಮೀಟರ್‌ನ ಮೂಲ ಅದೇ.

ದೂರದಿಂದ, ಸಾಮಾನ್ಯ ಡಿಜಿಟಲ್ ಕ್ಯಾಮೆರಾದಿಂದ, ಕೋಣೆಯಲ್ಲಿದ್ದ ಬೆಳಕಿನಲ್ಲೇ ಮುಖದ ನಾಡಿ ಸಿಗುತ್ತದೆ ಎಂದು 2008ರಲ್ಲಿ ವರ್ಕ್ರೈಸ್ ಮತ್ತು ಸಂಗಡಿಗರು ತೋರಿಸಿದರು. ಹಸಿರು ಚಾನೆಲ್‌ನಲ್ಲೇ ಸಿಗ್ನಲ್ ಗಟ್ಟಿ ಎಂದು ಅವರೇ ಹೇಳಿದ್ದು. 2010ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ವೆಬ್‌ಕ್ಯಾಮ್‌ನಲ್ಲಿ ಮಾಡಿದರು. 2012ರಲ್ಲಿ ಅದೇ ಎಂಐಟಿಯಿಂದ ಬಣ್ಣದ ಬದಲಾವಣೆಯನ್ನು ಹಿಗ್ಗಿಸಿ ತೋರಿಸುವ ವಿಧಾನ ಬಂತು. ಬಡಿತಕ್ಕೊಮ್ಮೆ ಮುಖ ಕೆಂಪಾಗಿ ಪೇಲವವಾಗುವ ಆ ವಿಡಿಯೊ ನೀವೂ ನೋಡಿರಬಹುದು.

ಸರಿ, ಇದು ನಿಜಕ್ಕೂ ರಕ್ತದ ಹರಿವನ್ನು ಅಳೆಯುತ್ತದಾ?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು, ಕೇಳುವವರೇ ಕಡಿಮೆ. ನಿಮಿಷಕ್ಕೆ ಇಷ್ಟು ಮಿಲಿಲೀಟರ್ ರಕ್ತ ಹರಿಯಿತು ಎಂದು ಸಾಮಾನ್ಯ ಕ್ಯಾಮೆರಾ ಹೇಳಲಾರದು. ಅದು ನೋಡುವುದು ಬಡಿತದಿಂದ ಬಡಿತಕ್ಕೆ ಚರ್ಮದ ಕೆಳಗಿನ ರಕ್ತದ ಪ್ರಮಾಣ ಎಷ್ಟು ಏರಿಳಿಯಿತು ಎಂಬುದನ್ನು ಮಾತ್ರ. ಹರಿವು ಬೇರೆ, ಏರಿಳಿತ ಬೇರೆ. ರಕ್ತ ಚೆನ್ನಾಗಿ ಹರಿಯುತ್ತಿದ್ದರೂ ಏರಿಳಿತ ಸಣ್ಣದಿರಬಹುದು. ಚರ್ಮದ ಬಣ್ಣ, ಬೆಳಕಿನ ಕೋನ, ಕೋಣೆಯ ಚಳಿ, ಇವೂ ಆ ಏರಿಳಿತದ ಅಳತೆಯನ್ನು ಬದಲಿಸುತ್ತವೆ.

ಹಾಗಂತ ಹರಿವಿನ ಬಗ್ಗೆ ಏನೂ ಸಿಗುವುದಿಲ್ಲ ಅಂತಲ್ಲ. ಮುಖವನ್ನು ಸಣ್ಣ ಸಣ್ಣ ಚೌಕಗಳಾಗಿ ಭಾಗ ಮಾಡಿ, ಯಾವ ಚೌಕದಲ್ಲಿ ನಾಡಿ ಗಟ್ಟಿ, ಯಾವುದರಲ್ಲಿ ಮೆತ್ತಗೆ ಎಂದು ನಕ್ಷೆ ಮಾಡಬಹುದು. ಒಂದೇ ಜಾಗದಲ್ಲಿ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಹೋಲಿಸಬಹುದು. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ತಂಡ ಇಲ್ಲಿ ಒಂದು ಜಾಣ ಕೆಲಸ ಮಾಡಿತು. ಆಕ್ಸಿಮೀಟರ್‌ನಿಂದ ಬಡಿತದ ನಿಖರ ಸಮಯ ತೆಗೆದುಕೊಂಡು, ಅದರ ಆಧಾರದ ಮೇಲೆ ಕ್ಯಾಮೆರಾ ಚಿತ್ರದ ಮೂಲೆಮೂಲೆಯಲ್ಲೂ ನಾಡಿ ಹುಡುಕಿತು. ಪಲ್ಸ್‌ಕ್ಯಾಮ್ ಎಂದು ಅದರ ಹೆಸರು. ಮುಟ್ಟದೇ ಅಳೆಯುವುದಕ್ಕೆ ಮುಟ್ಟುವ ಸಾಧನವೊಂದರ ಸಹಾಯ ತೆಗೆದುಕೊಂಡದ್ದು ಕೆಲವರಿಗೆ ಮೋಸ ಅನ್ನಿಸುತ್ತದೆ. ನನಗಂತೂ ಅದೇ ಪ್ರಾಮಾಣಿಕ ಅನ್ನಿಸುತ್ತದೆ.

ರಕ್ತ ಎಷ್ಟು ವೇಗವಾಗಿ ಓಡುತ್ತಿದೆ ಎಂದೇ ತಿಳಿಯಬೇಕಾದರೆ ಲೇಸರ್ ಬೇಕು. ಲೇಸರ್ ಬೆಳಕು ಚರ್ಮದ ಮೇಲೆ ಚುಕ್ಕೆ ಚುಕ್ಕೆ ವಿನ್ಯಾಸ ಮೂಡಿಸುತ್ತದೆ. ಕೆಳಗೆ ರಕ್ತಕಣಗಳು ಓಡಾಡಿದ ಹಾಗೆ ಆ ಚುಕ್ಕೆಗಳು ಕಲೆಸಿಹೋಗುತ್ತವೆ. ಎಷ್ಟು ಕಲೆಸಿವೆ ಎನ್ನುವುದರಿಂದ ವೇಗದ ಅಂದಾಜು. ಅಲ್ಲೂ ಸಿಗುವುದು ಹೋಲಿಕೆಯ ಅಂಕಿ, ಮಿಲಿಲೀಟರ್ ಅಲ್ಲ.

ನನ್ನ ಫೋನಿನ ಆ್ಯಪ್ ಮುಖ ನೋಡಿ ಬಿಪಿ ಹೇಳುತ್ತದೆ. ನಂಬಬಹುದಾ?

ಮಾತ್ರೆ ಹೆಚ್ಚು ಕಡಿಮೆ ಮಾಡುವಷ್ಟು ನಂಬಬೇಡಿ.

ನಾಡಿಯನ್ನು ಕ್ಯಾಮೆರಾ ನೇರವಾಗಿ ನೋಡುತ್ತದೆ. ಬಿಪಿಯನ್ನು ನೋಡುವುದಿಲ್ಲ, ಊಹಿಸುತ್ತದೆ. ಅಲೆಯ ಆಕಾರ, ಮುಖದ ಬೇರೆ ಬೇರೆ ಕಡೆ ಅದು ತಲುಪುವ ಹೊತ್ತು, ಇವನ್ನು ಸಾವಿರಾರು ಜನರ ಅಂಕಿಅಂಶಕ್ಕೆ ಹೋಲಿಸಿ ಒಂದು ಸಂಖ್ಯೆ ಕೊಡುತ್ತದೆ. ಜೊತೆಗೆ ನಿಮ್ಮ ವಯಸ್ಸು, ತೂಕವನ್ನೂ ಕೇಳುತ್ತದೆ. ವಯಸ್ಸು, ತೂಕ ಗೊತ್ತಾದರೆ ಮುಖ ನೋಡದೆಯೂ ಸುಮಾರಾದ ಅಂದಾಜು ಹೇಳಬಹುದಲ್ವಾ? ಅಲ್ಲೇ ಇರುವುದು ತಮಾಷೆ.

ಈ ವಿಷಯದಲ್ಲಿ ತುಂಬಾ ಸುದ್ದಿ ಮಾಡಿದ್ದು 2019ರ ಟೊರೊಂಟೊ ತಂಡದ ಅಧ್ಯಯನ. 1,328 ಜನರ ಮುಖವನ್ನು ಫೋನಿನಲ್ಲಿ ಚಿತ್ರಿಸಿ ಬಿಪಿ ಅಂದಾಜು ಮಾಡಿದರು, ಫಲಿತಾಂಶ ಚೆನ್ನಾಗಿಯೇ ಬಂತು. ಆದರೆ ಅವರೆಲ್ಲರದ್ದೂ ನಾರ್ಮಲ್ ಬಿಪಿ. ನಮಗೆ ಬೇಕಾಗಿರುವುದು 160 ದಾಟಿದವರನ್ನು ಹಿಡಿಯುವ ಸಾಧನ. ತೋಳಿಗೆ ಪಟ್ಟಿ ಕಟ್ಟುವ ಮಿಷನ್ ಮನೆಯಲ್ಲಿರಲಿ. ಐದು ನಿಮಿಷ ಸುಮ್ನೆ ಕೂತು, ಬೆನ್ನು ಒರಗಿಸಿ, ತೋಳು ಎದೆಯ ಮಟ್ಟದಲ್ಲಿಟ್ಟು ನೋಡಿ.

ಶುಗರ್? ಹಿಮೋಗ್ಲೋಬಿನ್?

ಶುಗರ್ ಬಗ್ಗೆ ಯೋಚನೆ ಕೂಡ ಮಾಡಬೇಡಿ. ಚರ್ಮ ಚುಚ್ಚದೆ ತಾವಾಗಿಯೇ ಶುಗರ್ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ಅವು ಚರ್ಮಕ್ಕೆ ಅಂಟಿಕೊಂಡಿರುವ ಸಾಧನಗಳು. ಎರಡು ಅಡಿ ದೂರದ ಸೆಲ್ಫಿ ಕ್ಯಾಮೆರಾದ ಮಾತು ಆಮೇಲೆ. ಹಿಮೋಗ್ಲೋಬಿನ್‌ಗೆ ಲ್ಯಾಬ್‌ಗೆ ಹೋಗಿ.

ಹಾಗಾದರೆ ಯಾವುದನ್ನು ನಂಬಬಹುದು?

ಒಳ್ಳೆ ಬೆಳಕಿನಲ್ಲಿ ಅಲ್ಲಾಡದೆ ಕೂತವರ ನಾಡಿಬಡಿತದ ದರ. ಉಸಿರಾಟದ ದರ, ಅದೂ ಎದೆ ಮತ್ತು ಭುಜ ಚಿತ್ರದಲ್ಲಿದ್ದರೆ. ಇವೆರಡು ಗಟ್ಟಿ.

ಬಡಿತಗಳ ನಡುವಿನ ಅಂತರ ಎಷ್ಟು ಬದಲಾಗುತ್ತದೆ ಎಂದು ನೋಡಿ ಸ್ಟ್ರೆಸ್ ಹೇಳುವ ಆ್ಯಪ್‌ಗಳಿವೆ. ಸೆಕೆಂಡಿಗೆ 30 ಫ್ರೇಮ್ (ವಿಡಿಯೊದ ಬಿಡಿ ಚಿತ್ರ) ಅಂದರೆ ಒಂದು ಫ್ರೇಮಿಗೂ ಮುಂದಿನದಕ್ಕೂ 33 ಮಿಲಿಸೆಕೆಂಡ್. ನಾವು ಹುಡುಕುವ ವ್ಯತ್ಯಾಸವೂ ಸುಮಾರು ಅಷ್ಟೇ. ಲೆಕ್ಕ ಹಾಕಿ ನಡುವಿನ ಜಾಗ ತುಂಬಬಹುದು, ಆದರೆ ಸಿಗ್ನಲ್ ಶುದ್ಧವಾಗಿದ್ದರೆ ಮಾತ್ರ. ಅದರ ಮೇಲೆ ‘ನಿಮ್ಮ ಸ್ಟ್ರೆಸ್ 7.3’ ಎಂದು ದಶಮಾಂಶ ಹಾಕಿ ತೋರಿಸುವುದು ಬರೀ ಅಲಂಕಾರ.

ಆಕ್ಸಿಜನ್ ಮಟ್ಟ ಇನ್ನೂ ಕಷ್ಟ. ಬೆರಳಿನ ಆಕ್ಸಿಮೀಟರ್ ಕೆಂಪು ಮತ್ತು ಇನ್‌ಫ್ರಾರೆಡ್, ಎರಡು ಗೊತ್ತಾದ ಬೆಳಕು ಬಿಡುತ್ತದೆ. ಫೋನ್ ಕ್ಯಾಮೆರಾದಲ್ಲಿ ಇನ್‌ಫ್ರಾರೆಡ್‌ಗೆ ಫಿಲ್ಟರ್ ಅಡ್ಡ ಇರುತ್ತದೆ, ಕೋಣೆಯ ಬೆಳಕು ಯಾವುದೆಂದು ಅದಕ್ಕೆ ತಿಳಿಯದು.

ನಮ್ಮ ಚರ್ಮದ ಬಣ್ಣಕ್ಕೆ ಇದು ಕೆಲಸ ಮಾಡುತ್ತದಾ?

ಮಾಡುತ್ತದೆ, ಆದರೆ ಬಿಳಿ ಚರ್ಮಕ್ಕೆ ಮಾಡಿದಷ್ಟು ಸುಲಭವಾಗಿ ಅಲ್ಲ. ಚರ್ಮದ ಮೇಲ್ಪದರದಲ್ಲಿರುವ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ. ಬೆಳಕು ಒಳಗೆ ಹೋಗುವಾಗ ಒಮ್ಮೆ, ವಾಪಸ್ ಬರುವಾಗ ಇನ್ನೊಮ್ಮೆ. ಹಾಗಾಗಿ ಕಪ್ಪು ಚರ್ಮದಿಂದ ಕ್ಯಾಮೆರಾಕ್ಕೆ ಮರಳುವ ಬೆಳಕೇ ಕಡಿಮೆ, ಅದರೊಳಗಿನ ನಾಡಿಯೂ ಸಣ್ಣದು. ಕ್ಯಾಮೆರಾದ ನಾಯ್ಸ್ ಮಾತ್ರ ಅಷ್ಟಾಗಿ ತಗ್ಗುವುದಿಲ್ಲ. ಕಪ್ಪು ಚರ್ಮದವರಲ್ಲಿ ತಪ್ಪು ಜಾಸ್ತಿ ಎಂದು 2020ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರೂ ಕಂಡುಕೊಂಡರು.

ಬೆರಳಿನ ಆಕ್ಸಿಮೀಟರ್‌ಗೂ ಈ ರೋಗ ಇದೆ. ರಕ್ತದಲ್ಲಿ ಆಕ್ಸಿಜನ್ ಇಳಿದದ್ದನ್ನು ಆಕ್ಸಿಮೀಟರ್ ಗುರುತಿಸದೇ ಹೋಗುವುದು ಕಪ್ಪು ಜನರಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಎಂದು ಅಮೆರಿಕದಲ್ಲಿ 2020ರಲ್ಲೇ ಬಂದ ವರದಿ ಹೇಳಿತು. ಆಸ್ಪತ್ರೆಗಳಲ್ಲಿ ದಶಕಗಳಿಂದ ಬಳಸುತ್ತಿರುವ ಸಾಧನದ ಕಥೆಯೇ ಹೀಗಾದರೆ ಹೊಸ ಆ್ಯಪ್‌ನದು ಹೇಗಿರಬಹುದು, ನೀವೇ ಯೋಚಿಸಿ.

ಇಲ್ಲಿ ಬೆಂಗಳೂರಿನವರಿಗೆ ಒಂದು ಅವಕಾಶವೂ ಇದೆ. ಎಲ್ಲರೂ ಬಳಸುವ ವಿಡಿಯೊ ಸಂಗ್ರಹಗಳಲ್ಲಿ ಹಲವು ಯುರೋಪಿನ ಲ್ಯಾಬ್‌ಗಳಲ್ಲಿ ತೆಗೆದವು, ಮುಖಗಳೂ ಅಲ್ಲಿನವೇ. ನಮ್ಮ ಒಂದು ಕ್ಲಾಸ್‌ರೂಮಿನಲ್ಲಿ ಗೋಧಿ ಬಣ್ಣದಿಂದ ಅಚ್ಚ ಕಪ್ಪಿನವರೆಗೆ ಎಲ್ಲ ಛಾಯೆಗಳೂ ಸಿಗುತ್ತವೆ. ಒಪ್ಪಿಗೆ ಪಡೆದು, ನಿಯಮದಂತೆ ಅಂಥ ಸಂಗ್ರಹ ಮಾಡಿದರೆ ಅದು ಇನ್ನೊಂದು ಹೊಸ ನ್ಯೂರಲ್ ನೆಟ್‌ವರ್ಕ್‌ಗಿಂತ ಉಪಯೋಗಕ್ಕೆ ಬರುತ್ತದೆ.

ಹಣೆಗೆ ವಿಭೂತಿ, ಕುಂಕುಮ ಇದ್ದರೆ? ಮೇಕಪ್, ಗಡ್ಡ?

ವಿಭೂತಿಯ ಮೂರು ಪಟ್ಟೆ ಹಣೆಯನ್ನು ಹೆಚ್ಚುಕಮ್ಮಿ ಮುಚ್ಚಿಬಿಡುತ್ತದೆ. ಆಗ ಕೆನ್ನೆ ನೋಡಬೇಕು. ಗಡ್ಡ ಇದ್ದವರಿಗೆ ಹಣೆ ನೋಡಬೇಕು. ಎರಡೂ ಇದ್ದರೆ ಕಣ್ಣಿನ ಕೆಳಗೆ ಸ್ವಲ್ಪ ಜಾಗ ಉಳಿದಿರುತ್ತದೆ. ಕುಂಕುಮದ ಬೊಟ್ಟಿನಿಂದ ತೊಂದರೆ ಇಲ್ಲ, ಅಷ್ಟು ಪಿಕ್ಸೆಲ್ ಬಿಟ್ಟರಾಯಿತು. ದಪ್ಪ ಫೌಂಡೇಶನ್ ಸಿಗ್ನಲ್ ತಿನ್ನುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಫೋನಿನ ಬ್ಯೂಟಿ ಫಿಲ್ಟರ್. ಅದು ಚರ್ಮವನ್ನು ನಯ ಮಾಡುವ ಭರದಲ್ಲಿ ನಾಡಿಯನ್ನೇ ಅಳಿಸಿಹಾಕುತ್ತದೆ.

ಮನೆಯಲ್ಲಿ ಎಂಥ ಬೆಳಕು ಬೇಕು?

ಕಿಟಕಿ ಎದುರಿಗಿರಲಿ, ಬೆನ್ನಿಗಲ್ಲ. ಮಳೆಗಾಲದ ಬೆಂಗಳೂರಿನಲ್ಲಿ ಮೋಡ ಸರಿದಾಗಲೆಲ್ಲ ಬೆಳಕು ಏರಿಳಿಯುತ್ತದೆ, ಅಂಥ ದಿನ ದೀಪ ಹಾಕಿಕೊಳ್ಳುವುದು ಒಳ್ಳೆಯದು. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿ ಬಲ್ಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. 30 ಫ್ರೇಮ್ ಕ್ಯಾಮೆರಾದಲ್ಲಿ ಅದು 10 ಹರ್ಟ್ಸ್ (ಸೆಕೆಂಡಿಗೆ 10 ಸಲ) ಆಗಿ ಕಾಣುತ್ತದೆ, ನಾಡಿಯಿಂದ ದೂರ, ಸೋಸಿ ತೆಗೆಯಬಹುದು. 24 ಫ್ರೇಮ್‌ನಲ್ಲಿ ತೆಗೆದರೆ ಅದೇ ಮಿನುಗು 4 ಹರ್ಟ್ಸ್‌ಗೆ, ಅಂದರೆ ನಿಮಿಷಕ್ಕೆ 240ಕ್ಕೆ, ನಾಡಿಗೆ ಹತ್ತಿರ ಬಂದು ಕೂರುತ್ತದೆ. ಸಿನಿಮಾ ಥರ ಕಾಣಲಿ ಎಂದು 24 ಇಟ್ಟುಕೊಳ್ಳುವವರು ಇದನ್ನು ನೆನಪಿಡಿ. ವಿಡಿಯೊ ಕಾಲ್ ಮಾಡುವಾಗ ಪರದೆಯ ಬೆಳಕೂ ಮುಖದ ಮೇಲೆ ಕುಣಿಯುತ್ತದೆ.

ಮಾತಾಡಿದರೆ, ತಲೆ ಅಲ್ಲಾಡಿಸಿದರೆ ಏನಾಗುತ್ತದೆ?

ನಾಡಿಯಿಂದ ಆಗುವ ಬದಲಾವಣೆಗಿಂತ ತಲೆ ಒಂದಿಷ್ಟು ತಿರುಗಿದರೆ ಆಗುವ ಬದಲಾವಣೆ ಎಷ್ಟೋ ಪಟ್ಟು ದೊಡ್ಡದು. 2013ರಲ್ಲಿ ಬಂದ ಕ್ರೋಮ್ ಎಂಬ ವಿಧಾನ, ಆಮೇಲೆ ಬಂದ ಪಾಸ್ ಎಂಬುದು, ಇವು ಕೆಂಪು, ಹಸಿರು, ನೀಲಿ ಮೂರೂ ಬಣ್ಣಗಳನ್ನು ಒಟ್ಟಿಗೆ ನೋಡುತ್ತವೆ. ತಲೆ ಅಲ್ಲಾಡಿದರೆ ಮೂರೂ ಬಣ್ಣ ಒಟ್ಟಿಗೆ ಏರಿಳಿಯುತ್ತವೆ. ನಾಡಿಗೆ ಮೂರರಲ್ಲೂ ಬೇರೆ ಬೇರೆ ಪ್ರಮಾಣದ ಬದಲಾವಣೆ. ಈ ವ್ಯತ್ಯಾಸ ಹಿಡಿದು ಎರಡನ್ನೂ ಬೇರ್ಪಡಿಸುತ್ತವೆ. ಮೆಲ್ಲಗೆ ಮಾತಾಡುವವರೆಗೆ ನಡೆಯುತ್ತದೆ. ಬಿಎಂಟಿಸಿ ಬಸ್ಸಿನಲ್ಲಿ ಕೂತು ಪ್ರಯತ್ನಿಸಬೇಡಿ.

ಅಜ್ಜಿಯ ವಿಡಿಯೊವನ್ನು ಊರಿನಿಂದ ವಾಟ್ಸಾಪ್‌ನಲ್ಲಿ ಕಳಿಸಿದರೆ ನೋಡಿ ಹೇಳುತ್ತೀರಾ?

ಇಲ್ಲ. ಕಳಿಸುವಾಗ ವಿಡಿಯೊ ಕುಗ್ಗುತ್ತದೆ. ಕಣ್ಣಿಗೆ ಕಾಣದ ಸಣ್ಣ ಬಣ್ಣದ ಬದಲಾವಣೆಗಳನ್ನು ಮೊದಲು ಬಿಸಾಡುವುದೇ ಕುಗ್ಗಿಸುವ ಸಾಫ್ಟ್‌ವೇರ್‌ನ ಕೆಲಸ. ನಮಗೆ ಬೇಕಾದ್ದು ಅದೊಂದೇ. ಅಜ್ಜಿಯ ಪಕ್ಕದಲ್ಲಿರುವವರು ಮಣಿಕಟ್ಟು ಹಿಡಿದು ಗಡಿಯಾರ ನೋಡಿ ಎಣಿಸಲಿ.

ಫೈನಲ್ ಇಯರ್ ಪ್ರಾಜೆಕ್ಟಿಗೆ ಇದನ್ನು ತೆಗೆದುಕೊಳ್ಳಬಹುದಾ?

ಖಂಡಿತ. ಖರ್ಚು ಕಡಿಮೆ, ಗಣಿತ ಇದೆ, ಡೆಮೊ ಚೆನ್ನಾಗಿ ಕಾಣುತ್ತದೆ. ಪೈಥಾನ್, ಓಪನ್‌ಸಿವಿ, ಮುಖ ಹುಡುಕಲು ಮೀಡಿಯಾಪೈಪ್ ಸಾಕು. ಹೋಲಿಸಿ ನೋಡಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಿನಲ್ಲಿ, ಬೆರಳಿಟ್ಟು ನಾಡಿ ಅಳೆಯುವ ಮ್ಯಾಕ್ಸ್ 30102 ಸೆನ್ಸರ್ ತಂದುಕೊಳ್ಳಿ. ಬೆರಳಿನ ಆಕ್ಸಿಮೀಟರ್‌ನ ಪರದೆಯ ಅಂಕಿಯನ್ನು ಬರೆದುಕೊಳ್ಳುವುದು ಬೇಡ. ಅದು ಹಿಂದಿನ ಕೆಲವು ಸೆಕೆಂಡುಗಳ ಸರಾಸರಿ, ನಿಮ್ಮ ವಿಡಿಯೊದ ಹೊತ್ತಿಗೂ ಅದಕ್ಕೂ ತಾಳೆಯಾಗುವುದಿಲ್ಲ. ಸೆನ್ಸರ್ ಆದರೆ ಅಲೆಯನ್ನೇ ಕೊಡುತ್ತದೆ.

ಕ್ಯಾಮೆರಾದ ಆಟೊ ಎಕ್ಸ್‌ಪೋಶರ್, ಆಟೊ ವೈಟ್ ಬ್ಯಾಲೆನ್ಸ್ ಎರಡನ್ನೂ ಆಫ್ ಮಾಡಿ. ಫ್ರೇಮ್ ಸಮಯವನ್ನು 30 ಎಂದು ಊಹಿಸಬೇಡಿ, ಪ್ರತಿ ಫ್ರೇಮಿನ ನಿಜವಾದ ಸಮಯ ಬರೆದಿಡಿ. ಬೆಳಕು ಕಡಿಮೆಯಾದರೆ ವೆಬ್‌ಕ್ಯಾಮ್ ಹೇಳದೇ ಕೇಳದೇ 15 ಫ್ರೇಮಿಗೆ ಇಳಿಯಬಹುದು, ಆಗ 72 ಇದ್ದ ನಾಡಿ ನಿಮ್ಮ ಲೆಕ್ಕದಲ್ಲಿ 144 ಆಗುತ್ತದೆ. 10 ಸೆಕೆಂಡಿನ ತುಣುಕಿಗೆ ಫೂರಿಯೆ ಲೆಕ್ಕ (ಅಲೆ ಎಷ್ಟು ವೇಗದಲ್ಲಿ ಏರಿಳಿಯುತ್ತದೆ ಎಂದು ಹುಡುಕುವ ಗಣಿತ) ಹಾಕಿದರೆ ಉತ್ತರ ನಿಮಿಷಕ್ಕೆ 6ರ ಹೆಜ್ಜೆಯಲ್ಲಿ ಬರುತ್ತದೆ. 30 ಸೆಕೆಂಡ್ ತೆಗೆದುಕೊಂಡರೆ 2ರ ಹೆಜ್ಜೆ. ಇದನ್ನು ತಿಳಿಯದೇ ‘ನಮ್ಮ ತಪ್ಪು ಒಂದು ಬಡಿತಕ್ಕಿಂತ ಕಡಿಮೆ’ ಎಂದು ಬರೆದರೆ ವೈವಾದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಕೊನೆಯದಾಗಿ, ಕ್ಯಾಮೆರಾವನ್ನು ಗೋಡೆಗೆ ಹಿಡಿಯಿರಿ. ಅಥವಾ ದಿನಪತ್ರಿಕೆಯಲ್ಲಿರುವ ಯಾರದಾದರೂ ಫೋಟೊಕ್ಕೆ. ಹೆಚ್ಚಿನ ಪ್ರೋಗ್ರಾಂಗಳು ಆಗಲೂ ಒಂದು ಸಂಖ್ಯೆ ಹೇಳುತ್ತವೆ, ಯಾಕೆಂದರೆ ನಾಯ್ಸ್‌ನಲ್ಲೂ ಎಲ್ಲೋ ಒಂದು ಕಡೆ ಶಿಖರ ಇದ್ದೇ ಇರುತ್ತದೆ. ‘ಇಲ್ಲಿ ನಾಡಿ ಸಿಗಲಿಲ್ಲ’ ಎಂದು ಹೇಳಲು ಬರುವ ಪ್ರೋಗ್ರಾಂ ಬರೆಯಿರಿ. ಇನ್ನೊಂದು ಪರೀಕ್ಷೆ: ಅಳೆಯದೆಯೇ ಎಲ್ಲರ ನಾಡಿಯೂ 75 ಎಂದು ಹೇಳಿಬಿಟ್ಟರೆ ಎಷ್ಟು ತಪ್ಪು ಬರುತ್ತದೆ ನೋಡಿ. ಕೂತಲ್ಲೇ ಕೂತ ಹುಡುಗರ ಮೇಲೆ ಪರೀಕ್ಷಿಸಿದರೆ ಆ ತಪ್ಪು ಚಿಕ್ಕದೇ ಇರುತ್ತದೆ. ನಿಮ್ಮ ಮಾಡೆಲ್ ಅದನ್ನು ಸೋಲಿಸಬೇಕು. ಮೆಟ್ಟಿಲು ಹತ್ತಿ ಇಳಿದು ಬಂದವರನ್ನು ಕೂರಿಸಿದಾಗ ಗೊತ್ತಾಗುತ್ತದೆ ಯಾರು ಅಳೆಯುತ್ತಿದ್ದಾರೆ, ಯಾರು ಊಹಿಸುತ್ತಿದ್ದಾರೆ ಎಂದು.

ಆಸ್ಪತ್ರೆಗಳಲ್ಲಿ ಬಳಸುತ್ತಾರಾ?

ಅಲ್ಲಲ್ಲಿ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಚರ್ಮ ತುಂಬ ತೆಳು, ಅಂಟಿಸಿದ ಪಟ್ಟಿ ಕೀಳುವಾಗ ಗಾಯವಾಗುತ್ತದೆ. ಅಲ್ಲಿ ಕ್ಯಾಮೆರಾಕ್ಕೆ ನಿಜವಾದ ಕೆಲಸ ಇದೆ. ಆಕ್ಸ್‌ಫರ್ಡ್‌ನಲ್ಲಿ ಇದರ ಮೇಲೆ ಒಳ್ಳೆಯ ಅಧ್ಯಯನ ನಡೆದಿದೆ. ಬ್ರಿಟನ್ನಿನ ಆಕ್ಸೆಹೆಲ್ತ್ ಕಂಪನಿಯ ಕೋಣೆ ಕ್ಯಾಮೆರಾಕ್ಕೆ, ನಾಡಿ ಮತ್ತು ಉಸಿರು ಅಳೆಯಲು, 2021ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು.

ನಮ್ಮ ಬೆಂಗಳೂರಿನ ಡೋಜಿ ಕಂಪನಿಯದೂ ಮುಟ್ಟದ ಅಳತೆಯೇ, ಆದರೆ ಕ್ಯಾಮೆರಾ ಅಲ್ಲ. ಹಾಸಿಗೆಯ ಕೆಳಗಿಟ್ಟ ಹಾಳೆಯೊಂದು ಹೃದಯ ಬಡಿದಾಗ ಮೈಯಲ್ಲಿ ಆಗುವ ಸಣ್ಣ ಕಂಪನವನ್ನು ಹಿಡಿಯುತ್ತದೆ. ಕತ್ತಲಲ್ಲೂ ನಡೆಯುತ್ತದೆ, ಮುಖವೂ ಬೇಡ.

ಭಾರತದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮ ಇದೆ. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಕೆಲಸದ ಸಾಫ್ಟ್‌ವೇರ್ ಕೂಡ ಅದರ ಲೆಕ್ಕದಲ್ಲಿ ಸಾಧನವೇ. ಹಾಗಾಗಿ ಆ್ಯಪ್ ಮಾರುವವರನ್ನು ಸಿಡಿಎಸ್‌ಸಿಒ (ಕೇಂದ್ರದ ಔಷಧ, ಸಾಧನ ನಿಯಂತ್ರಣ ಸಂಸ್ಥೆ) ನೋಂದಣಿ ಅಥವಾ ಲೈಸೆನ್ಸ್ ಇದೆಯಾ ಎಂದು ಕೇಳಿ. ‘ಇದು ಬರೀ ವೆಲ್‌ನೆಸ್‌ಗೆ’ ಎಂದರೆ ಉತ್ತರ ಸಿಕ್ಕಿತು ಅಂದುಕೊಳ್ಳಿ.

ಕೊರೊನಾ ಕಾಲದಲ್ಲಿ ಮಾಲ್ ಬಾಗಿಲಲ್ಲಿದ್ದ ಕ್ಯಾಮೆರಾ ಇದೇನಾ?

ಅಲ್ಲ. ಅದು ಥರ್ಮಲ್ ಕ್ಯಾಮೆರಾ, ಮೈಯ ಶಾಖ ನೋಡುತ್ತದೆ. ಬೆಂಗಳೂರಿನ ನಿರಾಮಯ್ ಕಂಪನಿ ಸ್ತನ ಕ್ಯಾನ್ಸರ್ ತಪಾಸಣೆಗೆ ಬಳಸುವುದೂ ಆ ಜಾತಿಯದೇ.

ಏರ್‌ಪೋರ್ಟಿನ ಡಿಜಿ ಯಾತ್ರೆ, ಸಿಗ್ನಲ್‌ನಲ್ಲಿರುವ ಕ್ಯಾಮೆರಾಗಳು ನನ್ನ ನಾಡಿ ನೋಡುತ್ತವಾ?

ಡಿಜಿ ಯಾತ್ರೆ ಕ್ಯಾಮೆರಾದ ಕೆಲಸ ಮುಖ ತಾಳೆ ನೋಡುವುದು. ಅದರ ಮುಂದೆ ನೀವು ನಿಲ್ಲುವ ಆ ಒಂದೆರಡು ಕ್ಷಣ ನಾಡಿ ಎಣಿಸಲು ಸಾಲದು. ರಸ್ತೆ ಕ್ಯಾಮೆರಾಗಳಿಗೆ ನಿಮ್ಮ ಮುಖ ದೂರ, ವಿಡಿಯೊ ಕುಗ್ಗಿಸಿದ್ದು. ಸಿಲ್ಕ್ ಬೋರ್ಡ್‌ನಲ್ಲಿ ನಿಮ್ಮ ಬಿಪಿ ಏರಿದ್ದು ಅವಕ್ಕೆ ಕಾಣುವುದಿಲ್ಲ, ಹೆಲ್ಮೆಟ್ ಇಲ್ಲದ್ದು ಕಾಣುತ್ತದೆ.

ಹತ್ತಿರದ, ಸ್ಥಿರವಾದ, ಒಳ್ಳೆ ಗುಣಮಟ್ಟದ ವಿಡಿಯೊದ ವಿಷಯ ಬೇರೆ. ಇಂಟರ್‌ವ್ಯೂ ಕಾಲ್‌ನಲ್ಲಿ ಯಾರೋ ನಿಮ್ಮ ನಾಡಿ ನೋಡಿ ‘ಈ ಹುಡುಗ ಹೆದರಿದ್ದಾನೆ’ ಎಂದು ಬರೆದುಕೊಳ್ಳಲು ಪ್ರಯತ್ನಿಸಬಹುದು. ನನಗೆ ಇದು ಹಿಡಿಸುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಮಾತಾಡುತ್ತದೆ. ಮುಖ ತೋರಿಸಲು ಒಪ್ಪಿದವರು ಹೃದಯ ತೋರಿಸಲೂ ಒಪ್ಪಿದರು ಅಂತಲ್ಲ.

ಡೀಪ್‌ಫೇಕ್ (ಕಂಪ್ಯೂಟರ್ ಸೃಷ್ಟಿಸಿದ ನಕಲಿ ಮುಖದ ವಿಡಿಯೊ) ಹಿಡಿಯಲು ಇದು ಬಳಕೆಯಾಗುತ್ತದಂತೆ, ನಿಜವಾ?

2022ರಲ್ಲಿ ಇಂಟೆಲ್ ಫೇಕ್‌ಕ್ಯಾಚರ್ ಎಂಬುದನ್ನು ತೋರಿಸಿತು. ನಕಲಿ ಮುಖದಲ್ಲಿ ರಕ್ತದ ಏರಿಳಿತ ಸರಿಯಾಗಿ ಇರುವುದಿಲ್ಲ ಎನ್ನುವುದು ಅದರ ತರ್ಕ. 2025ರಲ್ಲಿ ಜರ್ಮನಿಯ ಸಂಶೋಧಕರು ಇದಕ್ಕೆ ತಣ್ಣೀರೆರಚಿದರು. ಮೂಲ ವಿಡಿಯೊದಲ್ಲಿದ್ದ ನಟನ ನಾಡಿ ಡೀಪ್‌ಫೇಕ್ ಮುಖಕ್ಕೂ ದಾಟಿಬರುತ್ತದೆ ಎಂದು ತೋರಿಸಿದರು. ಈಗ ಬರೀ ನಾಡಿ ಇದೆಯಾ ಎಂದು ನೋಡಿದರೆ ಸಾಲದು. ಮುಖದ ಬೇರೆ ಬೇರೆ ಕಡೆ ಅದು ಸಹಜವಾಗಿ ಹರಡಿದೆಯಾ ಎಂದು ನೋಡಬೇಕು.

ಎದೆನೋವು ಬಂದಾಗ ಈ ಆ್ಯಪ್ ತೆರೆದು ನೋಡಲಾ?

ಬೇಡ. 108ಕ್ಕೆ ಫೋನ್ ಮಾಡಿ. ನಾಡಿ 72 ಎಂದು ತೋರಿಸುತ್ತಿದ್ದರೂ ಹಾರ್ಟ್ ಅಟ್ಯಾಕ್ ಆಗುತ್ತಿರಬಹುದು. ಅದನ್ನು ನೋಡಲು ಇಸಿಜಿ ಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಉಚಿತವಾಗಿ ಮಾಡುತ್ತಾರೆ.

ಹಳೇ ಫೋನ್ ಸಾಕಾ, ಹೊಸ ಕ್ಯಾಮೆರಾ ಕೊಳ್ಳಬೇಕಾ?

ಸುಮ್ನೆ ಕಲಿಯಲು ಹಳೇ ಫೋನ್ ಸಾಕು. ಸ್ಟ್ಯಾಂಡ್ ಇಲ್ಲದಿದ್ದರೆ ಪುಸ್ತಕಗಳಿಗೆ ಒರಗಿಸಿ. ಕೈಯಲ್ಲಿ ಮಾತ್ರ ಹಿಡಿಯಬೇಡಿ. ದುಡ್ಡು ಹಾಕುವುದಾದರೆ ಕ್ಯಾಮೆರಾಕ್ಕಿಂತ ಮೊದಲು ಮಿನುಗದ ಒಂದು ಎಲ್‌ಇಡಿ ಪ್ಯಾನೆಲ್ ಕೊಳ್ಳಿ.